ಕೀಲಿ ಅತ್ತೆಯ ಬಾಗಿಲು

ನಮ್ಮ ವಠಾರದ ಗೇಟು ದಾಟಿದ ಕೂಡಲೇ ಎಡಕ್ಕೆ ಸಿಗುವ ಮೊದಲ ಮನೆ ನನ್ನ ಸೋದರತ್ತೆಯದು, ಅಂದರೆ ನನ್ನಪ್ಪನ ಅಕ್ಕನದು. ನಾನು ಅತ್ತೆ ಎಂದು ಕರೆಯುತ್ತಿದ್ದೆ, ನನ್ನನ್ನು ಕೇಳಿ ನನ್ನ ಹೆಂಡತಿಯೂ ಹಾಗೇ ಕರೆದಳು, ಅವಳನ್ನು ಕೇಳಿ ಪಕ್ಕದ ಮನೆಯವರು ಕರೆದರು. ಹೀಗೆ ಬರಬರುತ್ತಾ ಇಡೀ ವಠಾರಕ್ಕೇ ಅತ್ತೆಯಾಗಿಬಿಟ್ಟಳು. ಅವಳು ಮಾಡುವ ಕೆಲಸ ನೋಡಿ ಯಾರೋ ಮುಂದೆ ಇನ್ನೊಂದು ಮಾತು ಸೇರಿಸಿದರು, ಅದೇ ನಿಂತಿತು. ಈಗ ಅಂಚೆಯವನೂ ಗೇಟಿನಲ್ಲಿ ನಿಂತು "ಕೀಲಿ ಅತ್ತೆ ಇದ್ದಾರಾ?" ಎಂದೇ ಕೇಳುವುದು.

ಅವಳ ಕೆಲಸ ಕೀಲಿ ಕಾಯುವುದು. ಯಾರೂ ಅವಳಿಗೆ ಕೊಟ್ಟ ಕೆಲಸವಲ್ಲ, ತಾನಾಗಿ ಬಂದು ಕೊರಳಿಗೆ ಬಿದ್ದದ್ದು. ಮಾವ ಬದುಕಿದ್ದಾಗ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ವಠಾರದ ಮುಕ್ಕಾಲು ಜನ ಅದೇ ಗಿರಣಿಯವರು. ಗಂಡನದು ಒಂದು ಪಾಳಿಯಾದರೆ ಹೆಂಡತಿಯದು ಇನ್ನೊಂದು. ಒಬ್ಬರು ಹೋಗುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಿರಲಿಲ್ಲ. ಗೇಟಿನ ಪಕ್ಕದಲ್ಲೇ ಅತ್ತೆಯ ಕಿಟಕಿ. "ಅವರು ಬಂದ್ರೆ ಕೊಟ್ಬಿಡಿ ಅತ್ತೆ" ಎಂದು ಸರಳಿನ ನಡುವಿನಿಂದ ಕೀಲಿ ಒಳಗೆ ಹಾಕಿ ಓಡುತ್ತಿದ್ದರು. ಆಮೇಲೆ ಗಿರಣಿ ಮುಚ್ಚಿತು. ಪಾಳಿ ಹೋಯಿತು, ಮಾವ ಹೋದ, ಎಷ್ಟೋ ಮನೆಗಳಲ್ಲಿ ಬೇರೆ ಜನ ಬಂದರು. ಕೀಲಿ ಹಾಕುವ ಅಭ್ಯಾಸ ಮಾತ್ರ ಹೋಗಲಿಲ್ಲ. ಹೊಸದಾಗಿ ಬಂದವರು ಹಳಬರನ್ನು ನೋಡಿ ಕಲಿತರು.

ಕಿಟಕಿಯ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬಾ ಮೊಳೆ, ಮೊಳೆಗೊಂದು ಮನೆ. ಮನೆಯವರ ಹೆಸರು, ನಂಬರು ಏನೂ ಇಲ್ಲ. ಕೀಲಿಗಳಿಗೆ ಬಾಲ ಇರಬೇಕು ಅನ್ನುವುದು ಅತ್ತೆಯ ಕಾನೂನು. ವಠಾರದ ಬಸ್ ಕಂಡಕ್ಟರ್ ತನ್ನ ಹಳೆ ಸೀಟಿ ಕಟ್ಟಿಕೊಟ್ಟಿದ್ದಾನೆ. ಅಕ್ಕಸಾಲಿ ಒಂದು ಹಿತ್ತಾಳೆ ಉಂಗುರ ಹಾಕಿದ್ದಾನೆ. "ಚಿನ್ನದ ಕೆಲಸ ಮಾಡೋನು ಹಿತ್ತಾಳೆ ಕೊಟ್ಟ ನೋಡು" ಎಂದು ಅತ್ತೆ ಅದನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಹೇಳುತ್ತಾಳೆ. ನನ್ನದು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ, ವಠಾರದ ಎದುರಿಗೇ ಇದೆ. ನಾನು ಒಂದು ದಪ್ಪ ಕಬ್ಬಿಣದ ನಟ್ಟು ಕಟ್ಟಿದೆ. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರೆ ಒಳಗೆ ಪಾತ್ರೆ ಬಿದ್ದ ಹಾಗೆ ಸದ್ದಾಗುತ್ತದೆ. "ಕೀಲಿ ಕೊಡ್ತಿದೀಯೋ, ಕಲ್ಲು ಎಸೀತಿದೀಯೋ?" ಎಂದು ಬೈಯುತ್ತಾಳೆ.

ಇಲ್ಲಿ ನಮ್ಮ ಜನದ ಬುದ್ಧಿವಂತಿಕೆಯನ್ನೂ ಹೇಳಬೇಕು. ಮನೆಗೆ ಎರಡು ಕೀಲಿ ಇರುತ್ತದೆ. ದಿನ ಬಳಸುವುದನ್ನು ಅತ್ತೆಗೆ ಕೊಡುತ್ತಿದ್ದರು, ಸರಿ. ಇನ್ನೊಂದನ್ನು ಎಲ್ಲಿಡುವುದು? ಮನೆಯೊಳಗೆ ಇಟ್ಟರೆ ಬೀಗ ಬಿದ್ದಾಗ ಉಪಯೋಗವಿಲ್ಲ, ಜೇಬಿನಲ್ಲಿ ಇಟ್ಟರೆ ಕಳೆದುಹೋಗುತ್ತದೆ. ಹಾಗಾಗಿ ಅದನ್ನೂ ತಂದು ಅತ್ತೆಗೇ ಕೊಟ್ಟರು. ಒಂದೇ ಮೊಳೆಗೆ ಎರಡೂ ಜೋಡಿಯಾಗಿ ನೇತಾಡುತ್ತಿದ್ದವು. ಅತ್ತೆಯೂ ತನ್ನ ಬಾಗಿಲಿನ ಎರಡನೇ ಕೀಲಿಯನ್ನು ಅದೇ ಹಲಗೆಯ ಮೂಲೆಯ ಮೊಳೆಗೆ ಹಾಕಿದ್ದಳು. ಇಷ್ಟು ವರ್ಷ ಯಾರ ತಲೆಗೂ ಇದು ಹೊಳೆದಿರಲಿಲ್ಲ. ನನ್ನ ತಲೆಗೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಅವಳ ಸ್ವಂತ ಕೀಲಿಗೆ ಮಾತ್ರ ಬಾಲ ಇಲ್ಲ. ಅದು ಯಾವಾಗಲೂ ಅವಳ ಸೊಂಟದಲ್ಲೇ ಇರುತ್ತಿತ್ತು. ಹಿತ್ತಾಳೆಯದು, ತಿರುಗಿಸಿ ತಿರುಗಿಸಿ ಅಂಚು ಸವೆದು ನುಣ್ಣಗಾಗಿತ್ತು. ಬಾಗಿಲು ತೆಗೆಯುವುದು ಅದರ ಹತ್ತು ಕೆಲಸಗಳಲ್ಲಿ ಒಂದು. ಡಬ್ಬಿ ಮುಚ್ಚಳ ಎಬ್ಬಿಸುವುದು ಅದರಲ್ಲೇ, ಮೂಟೆಯ ಹೊಲಿಗೆ ಬಿಚ್ಚುವುದು ಅದರಲ್ಲೇ, ಬೆನ್ನು ಕೆರೆದುಕೊಳ್ಳುವುದೂ ಅದರಲ್ಲೇ. ತರಕಾರಿ ಗಾಡಿಯವನು ನಿಲ್ಲದೆ ಹೋದರೆ ಅದರಿಂದಲೇ ಕಿಟಕಿಯ ಸರಳಿಗೆ ಟಣ ಟಣ ಹೊಡೆದು ನಿಲ್ಲಿಸುತ್ತಿದ್ದಳು.

ಇತ್ತೀಚೆಗೆ ಅವಳ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಕೀಲಿ ಗುರುತಿಸಲು ಅವಳಿಗೆ ಬೆರಳು ಸಾಕು, ಕೈಗೆ ಬಂದ ಬಾಲ ಮುಟ್ಟಿ ಯಾವ ಮನೆ ಅನ್ನುತ್ತಾಳೆ. ಆದರೆ ಎದುರಿಗೆ ನಿಂತ ಮುಖ ಗುರುತಿಸಲು ಕಣ್ಣೇ ಬೇಕಲ್ಲ. ಒಂದು ಸಂಜೆ ಮಬ್ಬಿನಲ್ಲಿ ಕಂಡಕ್ಟರ್ ಹೆಂಡತಿಗೆ ಅಕ್ಕಸಾಲಿಯ ಕೀಲಿ, ಅಕ್ಕಸಾಲಿ ಹೆಂಡತಿಗೆ ಕಂಡಕ್ಟರ್ ಕೀಲಿ ಕೊಟ್ಟುಬಿಟ್ಟಳು. ಮಾತಿನ ಮೇಲೆ ಮಾತು ಹಾಕುತ್ತಿದ್ದ ಆ ಹೆಂಗಸರೂ ನೋಡಲಿಲ್ಲ. ಇಬ್ಬರೂ ಹೋಗಿ ತಮ್ಮ ತಮ್ಮ ಬೀಗದ ಜೊತೆ ಗುದ್ದಾಡಿ, ಆಮೇಲೆ ಗೊತ್ತಾಗಿ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮೂಲೆಮನೆಗೆ ಹೊಸದಾಗಿ ಬಂದಿದ್ದ ನರ್ಸ್ ಒಬ್ಬಳಿದ್ದಳು. ವಠಾರದಲ್ಲಿ ಅವಳೊಬ್ಬಳೇ ಅತ್ತೆಗೆ ಕೀಲಿ ಕೊಡುತ್ತಿರಲಿಲ್ಲ, ಅವಳೊಬ್ಬಳೇ ಅತ್ತೆಯನ್ನು ಅಜ್ಜಿ ಅನ್ನುತ್ತಿದ್ದಳು. ಎರಡರಲ್ಲಿ ಅತ್ತೆಗೆ ಯಾವುದು ಹೆಚ್ಚು ಉರಿಯುತ್ತಿತ್ತೋ ಹೇಳಲಾರೆ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಾ ಆ ಹುಡುಗಿ, "ಕಣ್ಣು ಕಾಣದೋರ ಕೈಗೆ ಇಡೀ ವಠಾರ ಕೊಟ್ಟು ಹೋಗ್ತೀರಲ್ಲ, ನಿಮಗೆ ಭಯ ಆಗಲ್ವಾ?" ಅಂದಳಂತೆ. ಮಾತು ನಲ್ಲಿಯಿಂದ ಕಿಟಕಿಗೆ ಬರಲು ಎಷ್ಟು ಹೊತ್ತು ಬೇಕು? ಅದರ ಬೆನ್ನಿಗೇ ಅಕ್ಕಸಾಲಿ, "ಮುಂದಿನ ತಿಂಗಳಿಂದ ನಮ್ಮ ಕೀಲಿ ನಾವೇ ಇಟ್ಕೋತೀವಿ ಅತ್ತೆ, ತಪ್ಪು ತಿಳ್ಕೋಬೇಡಿ" ಎಂದು ಹೇಳಿ ಹೋದ. ಅತ್ತೆ ಅವನಿಗೆ "ಆಗಲಪ್ಪ" ಎಂದಳು. ನನ್ನ ಹತ್ತಿರ ಮಾತ್ರ, "ಒಂದು ಮೊಳೆ ಖಾಲಿಯಾದ್ರೆ ಹಲಗೆಯೆಲ್ಲ ಖಾಲಿ ಆದ ಹಾಗೇ ಕಣೋ. ಆಮೇಲೆ ಈ ಕಿಟಕೀಲಿ ಕೂತು ನಾನು ಯಾರ ದಾರಿ ನೋಡ್ಲಿ?" ಎಂದಳು. ನನಗೆ ಅಕ್ಕಸಾಲಿಯ ಮನೆಗೆ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿಯಬೇಕು ಅನ್ನಿಸಿತು. ಹೆಂಡತಿ ತಡೆದಳು.

ಆ ತಿಂಗಳು ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಇಳಿಹೊತ್ತಿನಲ್ಲಿ ನಾನು ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದೆ. ಕಪ್ಪು ಕನ್ನಡಕ ತೆಗೆದು ನೋಡಿದರೆ ಅತ್ತೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಳೆ. ಸೊಂಟದ ಮೇಲೆ ಹಿಟ್ಟಿನ ಡಬ್ಬಿ, ಇನ್ನೊಂದು ಕೈ ಮುಂದೆ ಚಾಚಿದ್ದಾಳೆ. ಅಂಗೈ ಮೇಲೆ ಅರ್ಧ ಕೀಲಿ.

"ಇನ್ನರ್ಧ ಎಲ್ಲಿ?" ಎಂದೆ.

"ಬಾಗಿಲಲ್ಲಿ."

"ಹೇಗೆ ಮುರೀತು?"

"ನನಗೇನು ಗೊತ್ತು. ಹಾಕಿದೆ, ತಿರುಗಿಸಕ್ಕೆ ಹೋದೆ, ಅರ್ಧ ಕೈಗೆ ಬಂತು. ಮೊದಲು ಬಾ ನೀನು."

ಹೋಗಿ ನೋಡಿದೆ. ಅವಳದು ಬಾಗಿಲಿನ ಮರದೊಳಗೇ ಕೂರಿಸಿದ ಬೀಗ, ಮಾವ ತನ್ನ ಕೈಯಾರೆ ಕೂರಿಸಿದ್ದು. ಕೀಲಿ ತೂತಿನೊಳಗೆ ಪೂರ್ತಿ ಹೋಗಿ, ತಿರುಗುವ ಮೊದಲೇ ಕುತ್ತಿಗೆಯಲ್ಲಿ ಮುರಿದಿತ್ತು. ಮುರಿದ ತುದಿ ಅಕ್ಕಿಕಾಳಿನಷ್ಟು ಹೊರಗೆ ಇಣುಕುತ್ತಿತ್ತು. ಇಷ್ಟೇ ತಾನೇ ಎಂದುಕೊಂಡು ಅಂಗಡಿಯ ಇಕ್ಕಳ ತಂದು ಹಿಡಿದೆ. ನನ್ನ ಇಕ್ಕಳ ಸರಳು ಬಗ್ಗಿಸುವಂಥದ್ದು, ಅದರ ಮೂತಿ ಅಲ್ಲಿಗೆ ಎಲ್ಲಿ ಹೋಗಬೇಕು. ಜಾರಿತು. ಸಿಟ್ಟಿನಿಂದ ಇನ್ನೊಮ್ಮೆ ಅಮುಕಿದೆ. ಇಣುಕುತ್ತಿದ್ದ ತುದಿಯೂ ಒಳಗೆ ಹೋಯಿತು.

ಅತ್ತೆ ಬಗ್ಗಿ ಬೆರಳಿನಿಂದ ತೂತನ್ನು ಸವರಿದಳು. "ಹೋಯ್ತಾ ಒಳಗೆ?"

"ಹೋಯ್ತು."

"ತೆಗಿ ಅಂದ್ರೆ ಹಾಕಿದೆ. ಒಳ್ಳೆ ಅಳಿಯ ನೀನು."

ಪೇಟೆಯ ಮೂಲೆಯಲ್ಲಿ ಕೀಲಿ ಮಾಡುವವನೊಬ್ಬ ಕೂರುತ್ತಾನೆ. ಸೈಕಲ್ ಹತ್ತಿ ಹೋದೆ. ಅವನ ಪೆಟ್ಟಿಗೆಗೆ ಬೀಗ. ಪಕ್ಕದವರನ್ನು ಕೇಳಿದರೆ ತಂಗಿಯ ಮನೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಅಂದರು. ಬೀಗ ರಿಪೇರಿಯವನ ಪೆಟ್ಟಿಗೆಯ ಬೀಗ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸ್ಸು ಬಂದವನೇ, "ಇದೆಲ್ಲ ಆಗೋದಲ್ಲ ಅತ್ತೆ. ಕಟಿಂಗ್ ಮೆಷಿನ್ ತರ್ತೀನಿ. ಬೀಗ ಕೊಯ್ದು ಬಾಗಿಲು ತೆಗೆಯೋಣ. ನಾಳೆ ಹೊಸ ಬೀಗ ಹಾಕ್ಸಿದ್ರಾಯ್ತು" ಎಂದೆ.

ಅತ್ತೆ ಹಿಟ್ಟಿನ ಡಬ್ಬಿ ಕೆಳಗಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಳು.

"ಏಳು ಅತ್ತೆ."

"ಏಳಲ್ಲ. ಬಾಗಿಲು ಒಡೆಸಿಕೊಂಡ ಮನೆಗೆ ನಾಳೆ ಯಾರೋ ಕೀಲಿ ಕೊಡ್ತಾರೆ? ಮೊದಲೇ ಕಣ್ಣು ಕಾಣಲ್ಲ ಅಂತ ಮಾತಾಡ್ತಿದಾರೆ. ಈಗ ಬಾಗಿಲೂ ಗಟ್ಟಿ ಇಲ್ಲ ಅಂತ ಆದ್ರೆ ಮುಗೀತು. ಬೀಗ ಬೀಗದ ಹಾಗೇ ತೆಗೀಬೇಕು. ಇಲ್ದಿದ್ರೆ ನನ್ನ ಮೇಲೆ ಮೆಷಿನ್ ಆಡಿಸು."

ಕಿಟಕಿಯಿಂದಾದರೂ ಕೈ ಹಾಕೋಣವೆಂದರೆ, ಹೊರಗೆ ಹೋಗುವಾಗ ಅವಳು ಕಿಟಕಿಯ ಕದಗಳನ್ನು ಒಳಗಿನಿಂದ ಅಗುಳಿ ಹಾಕಿಯೇ ಹೋಗುವವಳು. ಅಷ್ಟು ಜಾಗ್ರತೆ. ಆಗ ನನಗೆ ಪೂರ್ತಿ ಲೆಕ್ಕ ಹೊಳೆಯಿತು. ಇಡೀ ವಠಾರದ ಕೀಲಿ ಒಳಗಿದೆ. ಎರಡನೇ ಕೀಲಿಗಳೂ ಒಳಗಿವೆ. ಅತ್ತೆಯ ಎರಡನೇ ಕೀಲಿಯೂ ಒಳಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಕೆಲಸ ಮುಗಿಸಿ ಮನೆಗೆ ಬರುತ್ತಾರೆ.

ಬಂದರು. ಮೊದಲು ನನ್ನ ಹೆಂಡತಿ. ಅವಳು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ವಿಷಯ ಕೇಳಿದವಳೇ, "ಇಲ್ಲಿ ಕತ್ತಲೆ, ಏನೂ ಕಾಣಲ್ಲ ರೀ, ಮನೆಯಿಂದ ಟಾರ್ಚ್ ತರ್ತೀನಿ" ಎಂದು ನಾಲ್ಕು ಹೆಜ್ಜೆ ಹೋಗಿ ಅಲ್ಲೇ ನಿಂತಳು. ತಿರುಗಿ ನನ್ನ ಮುಖ ನೋಡಿದಳು.

ಆಮೇಲೆ ಕಂಡಕ್ಟರ್ ಬಂದ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಅಣ್ಣಾ, ನಮ್ಮನೇಲಿ ಸಣ್ಣ ಮೂತಿ ಇಕ್ಕಳ ಇದೆ, ರೇಡಿಯೋ ರಿಪೇರಿಗೆ ಅಂತ ತಂದಿದ್ದೆ. ಅದಾದ್ರೆ ಒಳಗೆ ಹೋಗುತ್ತೆ" ಎಂದ.

"ಮತ್ತೆ ತಗೊಂಡು ಬಾ, ಯಾಕೆ ನಿಂತಿದೀಯಾ?"

"ಅತ್ತೆ, ಕೀಲಿ..." ಎಂದು ಅವನು ಕಿಟಕಿಯ ಕಡೆಗೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಳು. ನನಗೆ ನಗು ಬರಲಿಲ್ಲ. ಈ ವಠಾರದಲ್ಲಿ ಉಪಯೋಗಕ್ಕೆ ಬರುವ ವಸ್ತು ಏನೇ ಇರಲಿ, ಅದು ಬೀಗದ ಹಿಂದೆ ಇದೆ, ಆ ಬೀಗದ ಕೀಲಿ ಈ ಬೀಗದ ಹಿಂದೆ ಇದೆ ಎಂದು ನಾನು ಕೂಗಾಡಿದೆ. ಅತ್ತೆ, "ಕೂಗಿದ್ರೆ ತೆಗೆಯೋ ಹಾಗಿದ್ರೆ ನಿನ್ನ ಗಂಟಲಿಗೆ ಊರಿನ ಬೀಗವೆಲ್ಲ ಬಿದ್ದುಹೋಗ್ತಿತ್ತು. ಸುಮ್ನೆ ಕೂತ್ಕೋ" ಎಂದಳು.

ಕಂಡಕ್ಟರ್ ಇನ್ನೊಂದು ಉಪಾಯ ಹೇಳಿದ. "ಒಂದು ಕಡ್ಡಿ ತುದಿಗೆ ಗಟ್ಟಿ ಅಂಟು ಹಚ್ಚಿ, ಒಳಗೆ ಮುಟ್ಟಿಸಿ, ಒಣಗಿದ ಮೇಲೆ ಎಳೆದ್ರೆ ಬರುತ್ತೆ ಅಂತಾರೆ."

"ಬೀಗವೂ ಕಡ್ಡಿಯೂ ಒಂದೇ ಆಗುತ್ತೆ. ನೀನು ಟಿಕೆಟ್ ಹರಿಯಪ್ಪ, ಸಾಕು" ಎಂದಳು ಅತ್ತೆ.

ಅಷ್ಟರಲ್ಲಿ ಅಕ್ಕಸಾಲಿ ಬಂದ. ಬಾಗಿಲು ನೋಡಿದ, ಅತ್ತೆಯನ್ನು ನೋಡಿದ, ನಾವೆಲ್ಲ ಅಂಗಳದಲ್ಲಿ ಕೂತಿದ್ದನ್ನು ನೋಡಿದ. "ಇದಕ್ಕೇ ನಾನು ಹೇಳಿದ್ದು" ಎಂದ ಅಷ್ಟೇ. ನಾನು ಎದ್ದೆ. ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿದಳು. ಅತ್ತೆ ತಲೆ ತಗ್ಗಿಸಿ ಹಿಟ್ಟಿನ ಡಬ್ಬಿಯ ಮುಚ್ಚಳ ಸವರುತ್ತಾ ಕೂತಿದ್ದಳು. ಯಾರಿಗೂ ಕೇಳದ ಹಾಗೆ ನನಗೆ, "ಹಿಟ್ಟಿನ ಗಿರಣಿಯಲ್ಲಿ ಈ ಮುಚ್ಚಳ ಕಚ್ಕೊಂಡಿತ್ತು. ಕೀಲೀಲಿ ಮೀಟಿದೆ. ಆಗಲೇ ಒಂಚೂರು ಬಗ್ಗಿತ್ತು ಅನ್ಸುತ್ತೆ" ಎಂದಳು.

ಕೊನೆಗೆ ನರ್ಸ್ ಬಂದಳು. ಗೇಟಿನಲ್ಲಿ ಇಷ್ಟು ಜನ ಕೂತಿದ್ದು ನೋಡಿ ಯಾರಿಗೋ ಏನೋ ಆಗಿದೆ ಎಂದು ಓಡಿ ಬಂದಳು. ಅತ್ತೆಯ ಕೈ ಹಿಡಿದು ನಾಡಿ ನೋಡಲು ಹೋದಳು.

"ನನಗೇನೂ ಆಗಿಲ್ಲಮ್ಮ, ಬಾಗಿಲಿಗೆ ಆಗಿದೆ" ಎಂದಳು ಅತ್ತೆ.

ವಿಷಯ ತಿಳಿದ ಮೇಲೆ ಆ ಹುಡುಗಿ ಏನು ಹೇಳುತ್ತಾಳೋ ಎಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ. ಅವಳು ಚೀಲದಿಂದ ತನ್ನ ಕೀಲಿ ತೆಗೆದು ಮೂಲೆಮನೆಯ ಬಾಗಿಲು ತೆರೆದಳು. ಆ ಸಂಜೆ ವಠಾರದಲ್ಲಿ ತೆರೆದ ಮನೆ ಅದೊಂದೇ. ಹೆಂಗಸರನ್ನು ಒಳಗೆ ಕರೆದಳು, ಎಲ್ಲರಿಗೂ ನೀರು ಕೊಟ್ಟಳು. ಆಮೇಲೆ ಅತ್ತೆಯ ಮುಂದೆ ಮಂಡಿಯೂರಿ ಕೂತು, "ಅಜ್ಜಿ, ನಾನು ಅವತ್ತು ನಲ್ಲಿ ಹತ್ರ ಅಂದಿದ್ದು ನಿಮಗೆ ಬೇಜಾರಾಗಿರಬೇಕು" ಎಂದಳು.

"ಆಯ್ತು. ನೀನು ಹೇಳಿದ್ದು ನಿಜ ಇತ್ತು, ಅದಕ್ಕೆ ಇನ್ನೂ ಜಾಸ್ತಿ ಆಯ್ತು" ಎಂದಳು ಅತ್ತೆ. "ಅದಿರಲಿ, ನಿನ್ನ ಚೀಲದಲ್ಲಿ ಸಣ್ಣ ಚಿಮಟ ಏನಾದ್ರೂ ಇದೆಯಾ?"

ಇತ್ತು. ಆದರೆ ತೂತಿನ ಬಾಯಿ ಬಿಟ್ಟು ಒಳಗೆ ಹೋಗಿದ್ದ ತುಂಡಿಗೆ ಅದು ಎಟುಕಲಿಲ್ಲ. "ತುದಿ ಒಂಚೂರು ಹೊರಗೆ ಬಂದ್ರೆ ಹಿಡೀಬಹುದು" ಎಂದಳು ನರ್ಸ್. ಆ ಮಾತಿನಿಂದ ನನಗೆ ದಾರಿ ಸಿಕ್ಕಿತು. ಎಳೆದು ತೆಗೆಯಬೇಕಾದದ್ದು ತುಂಡನ್ನಲ್ಲ, ಅದರ ತುದಿಯನ್ನು ಮಾತ್ರ. ಅಂಗಡಿಗೆ ಹೋಗಿ ಗರಗಸದ ಒಂದು ಮುರಿದ ಬ್ಲೇಡು ಹುಡುಕಿದೆ, ಸಣ್ಣ ಹಲ್ಲಿನದು. ಅದನ್ನು ಸಾಣೆಕಲ್ಲಿಗೆ ಹಿಡಿದು, ನೀರಿಗೆ ಅದ್ದಿ, ಮತ್ತೆ ಹಿಡಿದು, ಮತ್ತೆ ಅದ್ದಿ ಪೊರಕೆಕಡ್ಡಿಯಷ್ಟು ಸಣ್ಣಗೆ ಮಾಡಿದೆ. ಅವಸರ ಮಾಡಿ ಕೆಂಪಗಾದರೆ ಉಕ್ಕು ಮೆತ್ತಗಾಗುತ್ತದೆ, ಹಲ್ಲು ಕಚ್ಚುವುದಿಲ್ಲ. ಹಲ್ಲುಗಳು ಹಿಂದಕ್ಕೆ ಮುಖ ಮಾಡಿರಬೇಕು, ಹೋಗುವಾಗ ಜಾರಿ ಬರುವಾಗ ಹಿಡಿಯುವ ಹಾಗೆ. ನಿಧಾನವಾಗಿ ಮಾಡುವ ಕೆಲಸ ನನಗೆ ಹೇಳಿ ಮಾಡಿಸಿದ್ದಲ್ಲ, ಆದರೂ ಮಾಡಿದೆ.

ಕಂಡಕ್ಟರ್ ಕಿವಿಯ ಮೇಲಿದ್ದ ಪೆನ್ಸಿಲ್ಲಿನ ಸೀಸವನ್ನು ಕೆರೆದು ಪುಡಿ ಮಾಡಿದೆವು, ಬೀಗದೊಳಗೆ ಜಾರಲು ಅದು ಒಳ್ಳೆಯದು. ಕಾಗದದ ಕೊಳವೆಯಿಂದ ಊದಿದೆ. ನರ್ಸ್ ಮೊಬೈಲ್ ಬೆಳಕು ಹಿಡಿದಳು. ಬ್ಲೇಡು ತೂರಿಸಿ ಎಳೆದೆ. ಬರಿಗೈ. ಇನ್ನೊಮ್ಮೆ ಎಳೆದೆ. ಬ್ಲೇಡಿನ ತುದಿ ಬಗ್ಗಿತು. ಬೆವರು ಕಣ್ಣಿಗೆ ಇಳಿಯಿತು. ಮೂರನೇ ಸಲಕ್ಕೆ ನನ್ನ ಬಾಯಿಂದ ಒಂದು ಮಾತು ಬಂತು, ಅದನ್ನು ಇಲ್ಲಿ ಬರೆಯುವುದು ಬೇಡ.

"ಇಲ್ಲಿ ಕೊಡು" ಎಂದಳು ಅತ್ತೆ.

"ನಿನಗೆ ಕಾಣಲ್ಲ ಅತ್ತೆ."

"ನಿನಗೆ ಕಂಡು ಏನು ಮಾಡಿದೆ? ಸರಿ ಆ ಕಡೆ. ಬೆಳಕೂ ಬೇಡ."

ಬ್ಲೇಡಿನ ತುದಿಯನ್ನು ಉಗುರಿನಿಂದ ನೆಟ್ಟಗೆ ಮಾಡಿದಳು. ಒಂದು ಕೈಯಲ್ಲಿ ಮುರಿದ ಕೀಲಿಯ ಹಿಡಿ ಇಟ್ಟುಕೊಂಡು, ಅದರ ಮುರಿದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಬ್ಲೇಡನ್ನು ತೂತಿನ ಮೇಲಂಚಿಗೆ ತಾಗಿಸಿ, ಮೆಲ್ಲಗೆ, ಸೂಜಿಗೆ ದಾರ ಪೋಣಿಸುವ ಹಾಗೆ ಒಳಗೆ ಬಿಟ್ಟಳು. ಕಣ್ಣು ಮುಚ್ಚಿದ್ದಳು. "ಇಲ್ಲೊಂದು ಗುಂಡಿ... ಇದು ದಾಟ್ಲಿ... ಇದು ದೊಡ್ಡ ಗುಂಡಿ. ಇಲ್ಲೇ ಇರುತ್ತೆ ಅದರ ಹೊಟ್ಟೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದ ಕೀಲಿ, ಅದರ ಏರು ಇಳಿತ ಅವಳಿಗಲ್ಲದೆ ಯಾರಿಗೆ ಗೊತ್ತು? ಬ್ಲೇಡನ್ನು ಕೂದಲೆಳೆಯಷ್ಟು ಓರೆ ಮಾಡಿದಳು. ಎಳೆದಳು.

ಏನೋ ಕಿರ್ ಅಂತು.

"ಬಂತು, ಬಂತು, ಅಲ್ಲಾಡಬೇಡಿ ಅಜ್ಜಿ" ಎಂದು ನರ್ಸ್ ಚಿಮಟ ತೂರಿಸಿದಳು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ಹಾಗೆ, ಉಸಿರು ಬಿಗಿ ಹಿಡಿದು, ಒಂದೇ ಎಳೆತಕ್ಕೆ ತುಂಡನ್ನು ಹೊರಗೆ ತಂದು ಅತ್ತೆಯ ಅಂಗೈ ಮೇಲೆ ಇಟ್ಟಳು. ಅಂಗಳದಲ್ಲಿ ಕೂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಕಂಡಕ್ಟರ್ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ.

"ಗಾಡಿ ಇನ್ನೂ ಹೊರಟಿಲ್ಲ" ಎಂದ ಅಕ್ಕಸಾಲಿ. "ತುಂಡು ಬಂತು, ಬಾಗಿಲು ಎಲ್ಲಿ ತೆಗೀತು? ಈಗ ಕೀಲಿ ಯಾವುದು?"

ಅವನು ಹೇಳಿದ್ದು ನಿಜ. ಕೀಲಿಯ ಎರಡು ಚೂರು ಅತ್ತೆಯ ಕೈಯಲ್ಲಿತ್ತು, ಕೀಲಿ ಇರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಬೆಸುಗೆಯವನು ನಾನೇ ತಾನೇ. ಆದರೆ ನನ್ನ ಉರಿ ಗೇಟು, ಕಂಬಿಗಳಿಗೆ ಆಗುವಂಥದ್ದು. ಅಷ್ಟು ಸಣ್ಣ ಹಿತ್ತಾಳೆ ತುಂಡಿಗೆ ಹಿಡಿದರೆ ಬೆಣ್ಣೆಯ ಹಾಗೆ ಕರಗಿ ನೆಲಕ್ಕೆ ಬೀಳುತ್ತದೆ. ನಾನು ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ಅಕ್ಕಸಾಲಿ ಜೇಬಿನಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದ. ಸಣ್ಣಪುಟ್ಟ ಕೆಲಸವನ್ನು ಅವನು ಮನೆಗೆ ತಂದು ಮಾಡುತ್ತಾನೆ, ಅದಕ್ಕೆ ಬೇಕಾದ ಬೆಳ್ಳಿ ಬೆಸುಗೆಯ ಚೂರು, ಬಿಳಿಗಾರದ ಪುಡಿ ಅದರಲ್ಲಿರುತ್ತದೆ.

"ನಿಮ್ಮ ಗ್ಯಾಸಿನ ಉರಿಗೆ ಎಲ್ಲಕ್ಕಿಂತ ಸಣ್ಣ ಮೂತಿ ಯಾವುದಿದೆ?" ಎಂದು ನನ್ನನ್ನು ಕೇಳಿದ.

"ನಡಿ ಅಂಗಡಿಗೆ" ಎಂದೆ.

"ನಾನು ಅಕ್ಕರೆಗೆ ಮಾಡ್ತಿಲ್ಲ. ನನ್ನ ಮನೆ ಬಾಗಿಲು ತೆಗೀಬೇಕಲ್ಲ, ಅದಕ್ಕೆ."

"ಯಾತಕ್ಕಾದ್ರೂ ಮಾಡು ಮಾರಾಯ, ಮಾಡು."

ಎರಡು ತುಂಡುಗಳನ್ನು ಒಂದು ಸಪಾಟು ಇಟ್ಟಿಗೆಯ ಮೇಲೆ ಜೋಡಿಸಿದೆವು. ಬಗ್ಗಿದ್ದ ಕಡೆ ಅವನು ಮೊದಲು ಸುತ್ತಿಗೆಯ ಹಿಂಬದಿಯಿಂದ ತಟ್ಟಿ ನೆಟ್ಟಗೆ ಮಾಡಿದ. ನಾನು ಇಕ್ಕಳದಲ್ಲಿ ಹಿಡಿದುಕೊಂಡು ಅಲ್ಲಾಡದೆ ನಿಲ್ಲಬೇಕಿತ್ತು. ಅವನು ನನ್ನ ಗ್ಯಾಸಿನ ಉರಿಯನ್ನು ಇಷ್ಟಿಷ್ಟೇ ಕಡಿಮೆ ಮಾಡಿ ಮಾಡಿ ದೀಪದ ಕುಡಿಯಷ್ಟು ಮಾಡಿದ. ಅಷ್ಟು ಸಣ್ಣ ಉರಿ ನನ್ನ ಅಂಗಡಿಯಲ್ಲಿ ಅದಕ್ಕೆ ಮೊದಲು ಹುಟ್ಟಿರಲಿಲ್ಲ. ಬೆಳ್ಳಿಯ ಚೂರು ಒಂದು ಕ್ಷಣ ಮಣಿಯ ಹಾಗೆ ಹೊಳೆದು, ಬಿರುಕಿನ ಉದ್ದಕ್ಕೂ ನೀರಿನ ಹಾಗೆ ಹರಿದು ನಿಂತಿತು. ಅವನು ಉರಿ ತೆಗೆದ. "ಉಸಿರಾಡಿ" ಎಂದ ನನಗೆ.

ಆರಿದ ಮೇಲೆ ಅರದಿಂದ ಎರಡು ಸಲ ತೀಡಿ ಅತ್ತೆಗೆ ಕೊಟ್ಟ. "ಒಂದು ಸಲ ತಿರುಗುತ್ತೆ ಅತ್ತೆ. ಎರಡನೇ ಸಲದ ಮಾತು ನಾನು ಕೊಡಲ್ಲ. ಒಳಗೇ ಇನ್ನೊಮ್ಮೆ ಮುರಿದ್ರೆ ಆಮೇಲೆ ಬಾಗಿಲು ಒಡೆಯೋದೇ."

ಅತ್ತೆ ಕೀಲಿಯ ಬೆಸುಗೆಯನ್ನು ಬೆರಳಲ್ಲಿ ಸವರಿದಳು. "ನಿನ್ನ ಕೈಗೆ ಹಿತ್ತಾಳೆ ಸಿಕ್ಕಿದ್ದು ಇವತ್ತು ಒಳ್ಳೇದಾಯ್ತು" ಎಂದಳು. ಆಮೇಲೆ ನನ್ನನ್ನು ಕರೆದಳು. "ಬಾರೋ. ಹಿಡಿ ಹಿಡ್ಕೊಂಡು ಬಾಗಿಲನ್ನ ನಿನ್ನ ಕಡೆ ಎಳಿ. ಬೀಗದ ನಾಲಿಗೆ ಚೌಕಟ್ಟಿಗೆ ಉಜ್ಜುತ್ತೆ, ಎಳೆದ್ರೆ ಹಗುರಾಗುತ್ತೆ. ಪೂರ್ತಿ ಕಿತ್ಕೊಂಡು ಬರಬೇಡ."

ಎಳೆದು ಹಿಡಿದೆ. ಹಾಗೆ ಹದವಾಗಿ ನಾನು ಯಾವ ವಸ್ತುವನ್ನೂ ಎಳೆದದ್ದಿಲ್ಲ. ಅತ್ತೆ ಕೀಲಿಯನ್ನು ಒಳಗೆ ಬಿಟ್ಟಳು. ಅವಳ ಮಣಿಕಟ್ಟು ನಿಧಾನವಾಗಿ ತಿರುಗಿತು. ಅರ್ಧಕ್ಕೆ ಬಂದು ನಿಂತಿತು. "ಇನ್ನೊಂಚೂರು ಎಳಿ" ಎಂದಳು. ಎಳೆದೆ.

ಟಕ್.

ಆ ಸದ್ದು ನಾನು ದಿನಾ ಕೇಳುತ್ತಿದ್ದದ್ದೇ. ಆದರೆ ಅವತ್ತು ಕೇಳಿದಾಗ ಹಿಡಿ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಾಗಿಲು ತಾನಾಗಿ ಒಳಗೆ ಸರಿಯಿತು. ಅತ್ತೆ ಹೊಸ್ತಿಲಲ್ಲೇ ನಿಂತು ಕೈ ಮೇಲೆ ಮಾಡಿ ಚೌಕಟ್ಟನ್ನು, ಕೈ ಕೆಳಗೆ ಮಾಡಿ ಬೀಗವನ್ನು ಸವರಿ, "ಏನೂ ಆಗಿಲ್ಲ. ಹಾಗೇ ಇದೆ" ಎಂದಳು.

ಆಮೇಲೆ ಅವಳು ಒಳಗೆ ಹೋಗಿ ಕಿಟಕಿ ತೆರೆದಳು. ದೀಪ ಹಾಕಲಿಲ್ಲ. "ಒಬ್ಬೊಬ್ಬರೇ ಬನ್ನಿ. ಬಂದೋರು ಮಾತಾಡಿ. ಮುಖ ತೋರಿಸಿ ಸುಮ್ನೆ ನಿಂತ್ರೆ ನನಗೆ ಗೊತ್ತಾಗಲ್ಲ" ಎಂದಳು. ತನ್ನ ಕಣ್ಣಿನ ವಿಷಯ ಅವಳು ಎಲ್ಲರ ಮುಂದೆ ಹೇಳಿದ್ದು ಅದೇ ಮೊದಲು. ಕಂಡಕ್ಟರ್ "ರೈಟ್ ರೈಟ್" ಎಂದ, ಅವನಿಗೆ ಸೀಟಿ ಬಂತು. ನನ್ನ ಹೆಂಡತಿ ಮಾತಾಡಿದಳು, ನಟ್ಟು ಬಂತು. ಒಂದು ಕೀಲಿಯೂ ತಪ್ಪಲಿಲ್ಲ.

ಅಕ್ಕಸಾಲಿ ಕಿಟಕಿಗೆ ಬಂದಾಗ ಅತ್ತೆ ಅವನ ಎರಡು ಕೀಲಿಯನ್ನೂ ಒಟ್ಟಿಗೆ ಹೊರಗೆ ಚಾಚಿದಳು. "ಮುಂದಿನ ತಿಂಗಳು ಅಂದಿದ್ದೆ. ಇವತ್ತೇ ತಗೊಂಡುಬಿಡಪ್ಪ. ನಿನಗೆ ಕೊಟ್ಟ ತೊಂದರೆ ಸಾಕು."

ಅವನು ಎರಡನ್ನೂ ತೆಗೆದುಕೊಂಡ. ನನಗೆ ಮತ್ತೆ ಕೈ ಕಡಿಯತೊಡಗಿತು. ಅವನು ಉಂಗುರದಿಂದ ಒಂದು ಕೀಲಿ ಬಿಚ್ಚಿ ಜೇಬಿಗೆ ಹಾಕಿದ, ಉಂಗುರ ಇದ್ದದ್ದನ್ನು ವಾಪಸ್ಸು ಸರಳಿನ ನಡುವೆ ಚಾಚಿದ. "ಎರಡೂ ಒಂದೇ ಕಡೆ ಇಟ್ಟಿದ್ದು ನಮ್ಮ ತಪ್ಪು. ಒಂದು ನನ್ನ ಹತ್ರ ಇರಲಿ, ಒಂದು ನಿಮ್ಮ ಹತ್ರ ಇರಲಿ. ನನ್ನ ಹೆಂಡತಿ ದಿನಕ್ಕೊಂದು ಸಲ ಕೀಲಿ ಕಳೀತಾಳೆ, ನಿಮ್ಮ ಮೊಳೆ ಇಲ್ದಿದ್ರೆ ನಾವು ಬೀದೀಲೇ ಮಲಗಬೇಕು."

"ಇವತ್ತು ಬಾಗಿಲಿಗೆ ಒಂದು ಚೂರು ಬೆಳ್ಳಿ ಖರ್ಚು ಮಾಡಿದೀಯಾ" ಎಂದಳು ಅತ್ತೆ. "ಇನ್ಮೇಲೆ ಹಿತ್ತಾಳೆ ಮಾತು ಎತ್ತಲ್ಲ, ಹೋಗು."

ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಜೋಡಿಗಳು ಬೇರೆಯಾದವು. ಹಲಗೆಯ ಮೇಲಿನ ಒಂದು ಮೊಳೆಯೂ ಖಾಲಿಯಾಗಲಿಲ್ಲ, ಮೊಳೆಗೆ ಒಂದೊಂದು ಉಳಿಯಿತು ಅಷ್ಟೇ.

ಇನ್ನು ಉಳಿದದ್ದು ಅತ್ತೆಯ ಸ್ವಂತ ಎರಡನೇ ಕೀಲಿ. ಅದನ್ನು ಮೂಲೆಯ ಮೊಳೆಯಿಂದ ತೆಗೆದು ಸೆರಗಿನಲ್ಲಿ ಒರೆಸಿದಳು. ನಾನು ಕೈ ಚಾಚಿದೆ. ನಾನಲ್ಲದೆ ಇನ್ಯಾರು, ಅವಳ ಅಣ್ಣತಮ್ಮಂದಿರ ಮಕ್ಕಳಲ್ಲಿ ಹತ್ತಿರ ಇರುವವನು ನಾನೊಬ್ಬನೇ. ಅವಳು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, "ಎಲ್ಲಿ ಆ ನರ್ಸ್ ಹುಡುಗಿ?" ಎಂದಳು.

"ಇಲ್ಲಿದೀನಿ ಅಜ್ಜಿ."

"ತಗೋ. ಇದು ನಿನ್ನ ಹತ್ರ ಇರಲಿ."

ಹುಡುಗಿ ಗಲಿಬಿಲಿಯಾದಳು. "ನನ್ನ ಹತ್ರಾನಾ? ನಾನು ನಿಮಗೆ ನನ್ನ ಕೀಲೀನೇ ಕೊಟ್ಟಿಲ್ವಲ್ಲ."

"ಅದಕ್ಕೇ. ನಿನ್ನ ಕೀಲಿ ನೀನು ಯಾರಿಗೂ ಕೊಡೋದಿಲ್ಲ. ಹಾಗಾದ್ರೆ ನಂದನ್ನೂ ಯಾರಿಗೂ ಕೊಡೋದಿಲ್ಲ. ಇವನಿಗೆ ಕೊಟ್ರೆ ನಾಳೆ ಬೆಳಿಗ್ಗೆ ಅದನ್ನೂ ಮುರಿದು ತರ್ತಾನೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನದಿಂದ ಎದೆ ಮೇಲೆ ಕೂತಿದ್ದ ಭಾರ ಇಳಿದು, ಹಸಿವು ಮಾತ್ರ ಉಳಿದಿತ್ತು. ನರ್ಸ್ ಆ ಕೀಲಿಯನ್ನು ತನ್ನ ಕೀಲಿಯ ಜೊತೆ ಒಂದೇ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಅವಳು ಇವತ್ತಿಗೂ ಅತ್ತೆಗೆ ತನ್ನ ಕೀಲಿ ಕೊಡುವುದಿಲ್ಲ, ಅಜ್ಜಿ ಅನ್ನುವುದನ್ನೂ ಬಿಟ್ಟಿಲ್ಲ. ಆದರೆ ತನ್ನ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಅತ್ತೆಯನ್ನು ಕರೆದುಕೊಂಡು ಹೋಗಿಬಂದಿದ್ದಾಳೆ. ಪೊರೆ ತೆಗೆಸಬಹುದಂತೆ, ಹೆದರುವಂಥದ್ದೇನೂ ಇಲ್ಲವಂತೆ.

ಮಾರನೆಯ ದಿನ ಕೀಲಿ ಮಾಡುವವನು ಬಂದ. ನರ್ಸ್ ಹತ್ತಿರವಿದ್ದ ಕೀಲಿ ನೋಡಿ ಅತ್ತೆಗೆ ಹೊಸದೊಂದು ಕಡೆದುಕೊಟ್ಟ. ಬೆಸುಗೆ ಹಾಕಿದ ಹಳೆಯದು ಈಗ ಮೂಲೆಯ ಮೊಳೆಯ ಮೇಲಿದೆ. ನಾನು ಒಂದು ಕಬ್ಬಿಣದ ಪಟ್ಟಿಯ ತುದಿ ಬಡಿದು ಚಪ್ಪಟೆ ಮಾಡಿ, ಡಬ್ಬಿ ಮುಚ್ಚಳ ಎಬ್ಬಿಸಲು ಅತ್ತೆಗೆ ಕೊಟ್ಟೆ. ಬೆನ್ನು ಕೆರೆಯಲು ಅದು ಚೆನ್ನಾಗಿದೆ ಎಂದಳು.

ಆ ಮಾರನೆಯ ದಿನ ಬೆಳಿಗ್ಗೆ ನಾನು ಬೇಕೆಂದೇ ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದೆ. ಕಂಡಕ್ಟರ್ ಓಡುತ್ತಾ ಬಂದು ಸೀಟಿಯನ್ನು ಕಿಟಕಿಯೊಳಗೆ ಹಾಕಿ ಓಡಿದ. ಅಕ್ಕಸಾಲಿಯ ಹೆಂಡತಿ ಬಂದು ಹಿತ್ತಾಳೆ ಉಂಗುರ ಕೊಟ್ಟು, ಮಾತಿಗೆ ನಿಂತು, ತಡವಾಯಿತೆಂದು ಬೈದುಕೊಳ್ಳುತ್ತಾ ಹೋದಳು. ಒಬ್ಬರಾದ ಮೇಲೆ ಒಬ್ಬರು ಬಂದರು, ಎಂದಿನ ಹಾಗೇ, ನಿನ್ನೆ ಏನೂ ಆಗಿಯೇ ಇಲ್ಲವೆನ್ನುವ ಹಾಗೆ. ಎಲ್ಲರೂ ಹೋದ ಮೇಲೆ ನಾನು ಕಿಟಕಿಗೆ ಹೋಗಿ ನಟ್ಟನ್ನು ಆದಷ್ಟೂ ಮೆಲ್ಲಗೆ, ಸದ್ದಾಗದ ಹಾಗೆ ಕಟ್ಟೆಯ ಮೇಲಿಟ್ಟೆ.

"ಯಾರದು?" ಎಂದಳು ಅತ್ತೆ ಒಳಗಿನಿಂದ.

"ನಾನು ಅತ್ತೆ."

"ಮೈ ಹುಷಾರಿಲ್ವೇನೋ ನಿನಗೆ?"